ಗಣೇಶಗುಡಿಯೋ, ಹೊನ್ನಾವರವೋ?

ಕಾರವಾರದಿಂದ ಒಂದು ದಿನದ ನೀರಾಟಕ್ಕೆ ಎಲ್ಲಿ ಹೋಗೋದು ಅಂತ ಅತ್ತಿಗೆ ಕೇಳಿದ್ದರು. ಗಣೇಶಗುಡಿಯ ಕಾಳಿ ನದಿಯಲ್ಲಿ ಉದ್ದ ರಾಫ್ಟಿಂಗ್ (ರಬ್ಬರ್ ತೆಪ್ಪದಲ್ಲಿ ರಭಸದ ನೀರಲ್ಲಿ ಹೋಗೋದು), ಅಲ್ಲೇ ಗಿಡ್ಡ ರಾಫ್ಟಿಂಗ್, ಇಲ್ಲವೇ ಹೊನ್ನಾವರದ ಶರಾವತಿ ನದಿಯಲ್ಲಿ ದೋಣಿ.

ಮೊದಲು ಖರ್ಚು. ಉದ್ದದ್ದಕ್ಕೆ ದುಡ್ಡು ಜಾಸ್ತಿ, ಗಿಡ್ಡದ್ದಕ್ಕೆ ಕಡಿಮೆ. ಆದರೆ ಗಣೇಶಗುಡಿಗೆ ಗಾಡಿ ಬಾಡಿಗೆಯೇ ದೊಡ್ಡದು, ಆರೇಳು ಜನ ಸೇರಿದರೆ ಸಲೀಸು. ಹೊನ್ನಾವರಕ್ಕೆ ಕೊಂಕಣ ರೈಲಿದೆ, ಸುಮ್ನೆ ಹತ್ತಿ ಕೂತರಾಯ್ತು.

ಸುರಕ್ಷತೆ ವಿಷಯ ಸ್ವಲ್ಪ ಉದ್ದ. ಕಾಳಿಯ ನೀರು ಸೂಪಾ ಅಣೆಕಟ್ಟೆಯಿಂದ ಬರುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಹರಿವಿರುತ್ತದೆ, ಆದರೆ ವಿದ್ಯುತ್ತಿಗೆ ನೀರು ಬಿಟ್ಟಾಗ ಮಾತ್ರ. ಹೊರಡುವ ಮುನ್ನ ರಾಫ್ಟಿಂಗ್‌ನವರಿಗೆ ಫೋನ್ ಮಾಡಿ. ಮಳೆಗಾಲದಲ್ಲಿ ಬೇಡವೇ ಬೇಡ. ನನಗೊಮ್ಮೆ ಬಕಲ್ ಮುರಿದ ಲೈಫ್ ಜಾಕೆಟ್ ಕೊಟ್ಟು, "ಏನೂ ಆಗಲ್ಲ" ಅಂದರು. ಬದಲಾಯಿಸಿಕೊಂಡೇ ಹತ್ತಿದೆ. ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಿರಿ. ಕಿವಿ ತನಕ ಬಂತೋ, ಅದು ಸಡಿಲ. ಬಿದ್ದರೆ ಅಂಗಾತ ಮಲಗಿ, ಪಾದ ನೀರು ಹರಿದು ಹೋಗುವ ಕಡೆ ಇರಲಿ. ನಿಲ್ಲಲು ಹೋದರೆ ಕಲ್ಲಿನ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ.

ಗಟ್ಟಿ ಮೈಯ ಹುಡುಗರಿಗೆ ಉದ್ದದ್ದೇ ಮಜಾ. ಮೊದಲ ಸಲದವರಿಗೆ, ಹುಟ್ಟು ಹಾಕಿ ತೋಳು ನೋಯುತ್ತದೆ ಅನ್ನುವವರಿಗೆ ಗಿಡ್ಡದ್ದು ಸಾಕು. ಅಜ್ಜಿ, ಸಣ್ಣ ಮಕ್ಕಳು ಜೊತೆಗಿದ್ದರೆ ಹೊನ್ನಾವರ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ದೋಣಿ ಮೆಲ್ಲಗೆ ಹೋಗುತ್ತದೆ, ಅಜ್ಜಿ ಎಲೆ ಅಡಿಕೆ ಹಾಕಬಹುದು. ಅಲ್ಲೂ ಜಾಕೆಟ್ ಬೇಕು, ಅತ್ತಿಗೆ. ಬಿಸಿಲಿಗೆ ಸೆಕೆ ಅಂತ ಬಿಚ್ಚಬೇಡಿ.