‘ಮಹಾ ಜಾಗೃತಿ’ಯ ಮೂಲವನ್ನು ಅರಸುವ 12 ಉಪನ್ಯಾಸಗಳು: ಒಂದು ವಿಮರ್ಶೆ

ಹದಿನೆಂಟನೆಯ ಶತಮಾನದಲ್ಲಿ ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ಹಬ್ಬಿದ, ಮುಂದೆ ‘ಮಹಾ ಜಾಗೃತಿ’ ಎಂದು ಹೆಸರಾದ ಪ್ರಾಟೆಸ್ಟಂಟ್ ಉಜ್ಜೀವನ ಚಳವಳಿಯ ಮೂಲವನ್ನು ವಿವರಿಸುತ್ತೇವೆಂದು ಹೇಳಿಕೊಳ್ಳುವ ಧ್ವನಿಮಾಲಿಕೆಯೊಂದಕ್ಕೆ ಚಂದಾದಾರನಾಗಿ, ಅದರ 12 ಉಪನ್ಯಾಸಗಳನ್ನೂ ಕೇಳಿ ಮುಗಿಸಿದ್ದೇನೆ.

ಮಾಲಿಕೆಯ ನಿಜವಾದ ಬಲವಿರುವುದು ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಕುರಿತ ಮೊದಲ ಮೂರು ಉಪನ್ಯಾಸಗಳಲ್ಲಿ. ಮನಃಪರಿವರ್ತನೆಯ, ಅಂದರೆ ದೇವರ ಕೃಪೆಯಿಂದ ತಮ್ಮ ಅಂತರಂಗ ಬದಲಾದ ಅನುಭವದ, ಸಾಕ್ಷ್ಯ ಹೇಳಲಾಗದವರ ಮಕ್ಕಳಿಗೂ ದೀಕ್ಷಾಸ್ನಾನ ಕೊಡಬಹುದೆಂದು 1662ರಲ್ಲಿ ನ್ಯೂ ಇಂಗ್ಲೆಂಡಿನ ಕ್ರೈಸ್ತ ಸಭೆಗಳು ಮಾಡಿಕೊಂಡ ರಾಜಿಯಿಂದ ಉಪನ್ಯಾಸಕರು ಆರಂಭಿಸುತ್ತಾರೆ. ನಾರ್ಥಾಂಪ್ಟನ್‌ನ ಸಭಾಪಾಲಕ ಸಾಲೊಮನ್ ಸ್ಟಾಡರ್ಡ್ ಅಂಥವರಿಗೆ ಕರ್ತನ ಭೋಜನವನ್ನೂ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ತೆರೆದಿಟ್ಟದ್ದು, 1729ರಲ್ಲಿ ಅವರು ತೀರಿಕೊಂಡ ಮೇಲೆ ಮೊಮ್ಮಗ ಜೊನಾಥನ್ ಎಡ್ವರ್ಡ್ಸ್ ಅದೇ ಪ್ರಸಂಗಪೀಠವನ್ನು ಏರಿದ್ದು, 1734ರ ಕೊನೆಯಲ್ಲಿ ಊರಿಗೆ ಊರೇ ಆತ್ಮದ ಉದ್ಧಾರದ ಚಿಂತೆಗೆ ಬಿದ್ದದ್ದು, ಇವೆಲ್ಲ ಒಂದರಿಂದೊಂದು ಹುಟ್ಟಿದಂತೆ ಕೇಳಿಸುತ್ತವೆ. ಆರು ತಿಂಗಳಲ್ಲಿ 300ಕ್ಕೂ ಹೆಚ್ಚು ಜನ ಪರಿವರ್ತನೆ ಹೊಂದಿದರೆಂಬುದು ಎಡ್ವರ್ಡ್ಸ್ ಕೊಟ್ಟ ಲೆಕ್ಕವೇ ಹೊರತು ಪರೀಕ್ಷಿತ ಅಂಕಿಯಲ್ಲ ಎಂದು ಎಚ್ಚರಿಸುವ ಪ್ರಾಮಾಣಿಕತೆಯೂ ಇಲ್ಲಿದೆ. 1735ರ ಜೂನ್‌ನಲ್ಲಿ ಎಡ್ವರ್ಡ್ಸ್‌ರ ಬಂಧು ಜೋಸೆಫ್ ಹಾಲಿ ಖಿನ್ನತೆಯಿಂದ ಪ್ರಾಣ ಕಳೆದುಕೊಂಡು, ಊರಿನ ಉತ್ಸಾಹವೂ ಇಳಿದ ಪ್ರಸಂಗವನ್ನು ಭಾವೋದ್ರೇಕವಿಲ್ಲದೆ, ತಗ್ಗಿದ ದನಿಯಲ್ಲಿ ಹೇಳಿರುವುದು ನನಗೆ ಬಹಳ ಹಿಡಿಸಿತು.

ಆಮೇಲೆ ಇಂಗ್ಲೆಂಡಿನ ಸಂಚಾರಿ ಪ್ರಸಂಗಿ ಜಾರ್ಜ್ ವಿಟ್‌ಫೀಲ್ಡ್ ಬರುತ್ತಾರೆ, ಬಂದವರು ಐದು ಉಪನ್ಯಾಸಗಳವರೆಗೆ ಹೋಗುವುದೇ ಇಲ್ಲ. ಅವರ ಕಂಠ 30,000 ಜನರಿಗೆ ಕೇಳಿಸಬಲ್ಲದೆಂದು ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದ ಬೀದಿಯಲ್ಲಿ ಹೆಜ್ಜೆಯಳೆದು ಲೆಕ್ಕ ಹಾಕಿದ ಕಥೆ ಸೊಗಸಾಗಿದೆ, ಆದರೆ ಅದನ್ನು ಎರಡು ಬಾರಿ ಹೇಳುವ ಅಗತ್ಯವಿರಲಿಲ್ಲ. 1740ರ ಅವರ ಪ್ರವಾಸ ಚಳವಳಿಯನ್ನು ಹಬ್ಬಿಸಿತು ನಿಜ, ಹುಟ್ಟಿಸಿದ್ದು ಅದಲ್ಲ. ನ್ಯೂಜೆರ್ಸಿಯ ರಾರಿಟನ್ ಕಣಿವೆಯಲ್ಲಿ ಡಚ್ ಸಭಾಪಾಲಕ ಥಿಯೊಡೊರಸ್ ಫ್ರೆಲಿಂಗ್‌ಹೈಸನ್ 1720ರ ದಶಕದಲ್ಲೇ ಅಂತರಂಗದ ಪರಿವರ್ತನೆಯನ್ನು ಪಟ್ಟುಹಿಡಿದು ಕೇಳುತ್ತಿದ್ದರು. ನೆರೆಯ ಪ್ರೆಸ್ಬಿಟೇರಿಯನ್ ಪಂಗಡದ ಸಭಾಪಾಲಕ ಗಿಲ್ಬರ್ಟ್ ಟೆನೆಂಟ್ ಕಲಿತದ್ದು ಫ್ರೆಲಿಂಗ್‌ಹೈಸನ್‌ರಿಂದ. ಇವರಿಬ್ಬರಿಗೂ ಸೇರಿ ದೊರೆತಿರುವುದು ಕಾಲು ಗಂಟೆ. ಅಂತರಂಗದ ಭಕ್ತಿಗೇ ಒತ್ತುಕೊಟ್ಟ, 1675ರಿಂದ ಸ್ಪೇನರ್ ರೂಪಿಸಿದ ಜರ್ಮನ್ ಭಕ್ತಿಪಂಥಕ್ಕೂ, ಅದೇ ಪಂಥದ ಫ್ರಾಂಕೆ ಜರ್ಮನಿಯ ಹಾಲೆ ನಗರದಲ್ಲಿ ಕಟ್ಟಿದ ಸಂಸ್ಥೆಗಳಿಗೂ ಅಷ್ಟೂ ಸಿಕ್ಕಿಲ್ಲ. ಮೂಲ ಹುಡುಕಹೊರಟವರು ಅಟ್ಲಾಂಟಿಕ್‌ನ ಆಚೆ ದಡವನ್ನು ಇಷ್ಟು ಅವಸರದಲ್ಲಿ ದಾಟಬಾರದಿತ್ತು. ಅದೇ ರೀತಿ, ಎಡ್ವರ್ಡ್ಸ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದರೆಂಬ ಸಂಗತಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ.

ಧ್ವನಿಮುದ್ರಣ ಸ್ವಚ್ಛವಾಗಿದೆ. ಜೊತೆಗಿರುವ ನಕ್ಷೆ ಉಪಯುಕ್ತ. ಪಠ್ಯರೂಪವನ್ನು ಮಾತ್ರ ಕೊಟ್ಟಿಲ್ಲವಾದ್ದರಿಂದ ಒಂದು ಹೆಸರಿಗಾಗಿ ಇಡೀ ಉಪನ್ಯಾಸವನ್ನು ಮತ್ತೆ ಕೇಳಬೇಕಾಗುತ್ತದೆ.

ಕೊನೆಯ ಉಪನ್ಯಾಸದಲ್ಲಿ 1750ರಲ್ಲಿ ನಾರ್ಥಾಂಪ್ಟನ್ ಸಭೆಯೇ ಎಡ್ವರ್ಡ್ಸ್‌ರನ್ನು ಹುದ್ದೆಯಿಂದ ಇಳಿಸಿದ್ದು ಬರುತ್ತದೆ. ತಾತ ತೆರೆದಿಟ್ಟಿದ್ದ ಕರ್ತನ ಭೋಜನವನ್ನು ಮೊಮ್ಮಗ ಮತ್ತೆ ಮುಚ್ಚಹೊರಟದ್ದೇ ಅದಕ್ಕೆ ಮುಖ್ಯ ಕಾರಣ. ಮೊದಲ ಉಪನ್ಯಾಸದಲ್ಲಿ ಅಷ್ಟು ಜತನದಿಂದ ನೇಯ್ದ ಎಳೆ ಇಲ್ಲಿ ಮರಳಿ ಕೈಗೆ ಬಂದಿದ್ದರೂ ಉಪನ್ಯಾಸಕರು ಅದನ್ನು ಗಂಟು ಹಾಕದೆ ವಿಟ್‌ಫೀಲ್ಡ್‌ರ ಇನ್ನೊಂದು ಪ್ರವಾಸದತ್ತ ಹೊರಟುಬಿಡುತ್ತಾರೆ. ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ, ಮೂರೂ ಮೊದಲ ಮೂರು ಉಪನ್ಯಾಸಗಳಿಗೆ.