ಬೇಲಿಯ ಕಬ್ಬಿಣದ ಕಂಬಕ್ಕೆ ಮುಳ್ಳುತಂತಿಯೋ, ಚೈನ್‌ಲಿಂಕ್ (ತಂತಿ ಹೆಣೆದ) ಜಾಲರಿಯೋ?

ಮುಳ್ಳುತಂತಿಗೆ ಖರ್ಚು ಕಡಿಮೆ. ಏರುತಗ್ಗಿನ ನೆಲದಲ್ಲೂ ಸುಲಭವಾಗಿ ಎಳೆಯಬಹುದು. ದನ ತಡೆಯಲು 4-5 ಎಳೆ ಸಾಕು. ಆದರೆ ನಾಯಿ, ಕೋಳಿ ಸಂದಿಯಲ್ಲಿ ಆರಾಮಾಗಿ ನುಸುಳುತ್ತವೆ. ಮಕ್ಕಳು ಓಡಾಡುವ ಕಡೆಯಂತೂ ಬೇಡವೇ ಬೇಡ.

ಜಾಲರಿ ದುಬಾರಿ, ಕೆಲಸವೂ ಜಾಸ್ತಿ. ಕಂಬಗಳ ನಡುವೆ ಸುಮಾರು 3 ಮೀಟರ್ ಮೀರಬಾರದು, ಮೀರಿದರೆ ಜೋತುಬೀಳುತ್ತದೆ. ಮೇಲೆ, ಕೆಳಗೆ ಬಿಗಿ ತಂತಿಯೂ ಬೇಕು. ಆದರೂ ಮನೆ ಸುತ್ತ ಹಾಕುವುದಾದರೆ ನನ್ನ ಓಟು ಇದಕ್ಕೇ. ದೂರದ ಹೊಲಕ್ಕೆ ಸುಮ್ನೆ ಇಷ್ಟು ದುಡ್ಡು ಸುರಿಯಬೇಕಿಲ್ಲ, ಅಲ್ವಾ?

ಯಾವುದನ್ನೇ ಆರಿಸಿ, ಮೂಲೆಯ ಕಂಬದಲ್ಲಿ ಜಿಪುಣತನ ಮಾಡಬೇಡಿ. ಎಳೆತವೆಲ್ಲ ಬೀಳುವುದು ಅದರ ಮೇಲೇ. ಬುಡಕ್ಕೆ ಕಾಂಕ್ರೀಟ್ ಹಾಕಿ, ಓರೆಯಾಗಿ ಆಸರೆ ಕೊಡಿ. ಒಂದು ವಾರ ಗಟ್ಟಿಯಾಗಲು ಬಿಟ್ಟು ಆಮೇಲೆ ತಂತಿ ಬಿಗಿಯಿರಿ. ಅವಸರಪಟ್ಟರೆ ಕಂಬ ಒಳಕ್ಕೆ ವಾಲುತ್ತದೆ.