ಹೇರ್ ಆಲ್ಗೆಗೆ ಯಾವುದು ವಾಸಿ: ಜಿಎಫ್‌ಒನಾ, ಕೀಟೋನಾ?

ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ತೊಟ್ಟಿ) ಚೇತರಿಸಿಕೊಳ್ಳುವಾಗಲೇ ಹೇರ್ ಆಲ್ಗೆ, ಅಂದರೆ ಕೂದಲೆಳೆಯಂಥ ಪಾಚಿಯ ಕಾಟ ಜಾಸ್ತಿ, ಅಲ್ವಾ? ಕಲ್ಲಿನೊಳಗೆ ಸೇರಿಕೊಂಡ ಫಾಸ್ಫೇಟ್ ನಿಧಾನಕ್ಕೆ ನೀರಿಗೆ ಬಿಡುತ್ತಿರುತ್ತದೆ. ಟೆಸ್ಟ್ ಕಿಟ್ ಕಡಿಮೆ ತೋರಿಸಿತೆಂದು ಸುಮ್ನೆ ಖುಷಿಪಡಬೇಡಿ. ಅಷ್ಟರಲ್ಲಿ ಪಾಚಿಯೇ ಅದನ್ನು ತಿಂದಿರುತ್ತದೆ.

ಜಿಎಫ್‌ಒ, ಅಂದರೆ ಕಬ್ಬಿಣದ ಆಕ್ಸೈಡ್ ಹರಳು, ಫಾಸ್ಫೇಟನ್ನು ಹೀರಿಕೊಂಡು ಬೇಗ ಕೆಲಸ ಮಾಡುತ್ತದೆ. ತೊಂದರೆಯೂ ಅದೇ. ಫಾಸ್ಫೇಟ್ ಒಮ್ಮೆಲೇ ಕುಸಿದರೆ ಮೊದಲೇ ಸೊರಗಿದ ಹವಳ ಇನ್ನಷ್ಟು ಬಿಳಿಚಿಕೊಳ್ಳುತ್ತದೆ. ಸೊನ್ನೆಗೆ ಇಳಿದರಂತೂ ಡೈನೋಗಳು (ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳು) ಬರಬಹುದು: ಕಂದು ಲೋಳೆ, ಎಳೆಯ ತುದಿಯಲ್ಲಿ ಗಾಳಿಗುಳ್ಳೆ. ಅದರ ಮುಂದೆ ಹೇರ್ ಆಲ್ಗೆಯೇ ಎಷ್ಟೋ ಮೇಲು! ಹಾಕುವುದಾದರೆ ಡಬ್ಬದ ಮೇಲೆ ಹೇಳಿದ್ದರ ಕಾಲು ಭಾಗದಿಂದ ಶುರು ಮಾಡಿ. ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗೆ ನಿಂತರೆ ಸಾಕು.

ಸಂಪ್‌ನಲ್ಲಿ (ಮುಖ್ಯ ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಕೀಟೋ, ಅಂದರೆ ಕೀಟೋಮಾರ್ಫಾ ಎಂಬ ದೊಡ್ಡ ಪಾಚಿ, ಬೆಳೆಸುವುದು ನಿಧಾನ. ಜಾಗ ಬೇಕು, ಬೇರೆ ಲೈಟ್ ಬೇಕು. ಆದರೆ ಅದು ನೈಟ್ರೇಟನ್ನೂ ಎಳೆದುಕೊಳ್ಳುತ್ತದೆ. ಆಗಾಗ ಒಂದು ಹಿಡಿ ಕಿತ್ತು ಹೊರಗೆ ಹಾಕಿದರೆ ಮಾತ್ರ ಲಾಭ.

ಸಂಪ್ ಇದ್ದರೆ ನನ್ನ ಓಟು ಕೀಟೋಗೆ. ಸಂಪ್ ಇಲ್ಲ, ಫಾಸ್ಫೇಟ್ ಬೇರೆ ವಿಪರೀತ ಏರಿದೆ ಅಂದ್ರೆ ಜಿಎಫ್‌ಒ. ಪಾಚಿ ಮೇಯುವ ಟರ್ಬೊ ಬಸವನಹುಳ ಎರಡರ ಜೊತೆಗೂ ಇರಲಿ. ಉದ್ದ ಎಳೆಗಳನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ, ಮೊದಲು ಕೈಯಲ್ಲೇ ಕಿತ್ತು ಪೈಪಿನಿಂದ ಹೀರಿ ತೆಗೆಯಿರಿ.